ಎಲ್ಲ ಬಿಲ್ಲಿಗೂ ನಂಬರ್ 1 ಬರುತ್ತಿದ್ದರೆ

ಬದಿಯಡ್ಕದ ಅಡಿಕೆ ಅಂಗಡಿಯೊಂದಕ್ಕೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ ಪ್ರೋಗ್ರಾಂ ಬರೆದಿದ್ದೆ. ಎಷ್ಟು ಬಿಲ್ ಮಾಡಿದರೂ ನಂಬರ್ 1. ಶುರುವಿನ ಸಂಖ್ಯೆ ಬದಲಿಸಿದರೆ ಎಲ್ಲದಕ್ಕೂ ಆ ಹೊಸ ಸಂಖ್ಯೆಯೇ ಬಂತು. ಎಲ್ಲ ಫೀಲ್ಡಿಗೂ (ಹೆಸರು, ತೂಕದಂಥ ಮಾಹಿತಿ ಇಡುವ ಜಾಗ) ‘ಸ್ಟ್ಯಾಟಿಕ್’ ಎಂಬ ಪದ ಹಾಕಿದಾಗ ಇನ್ನೂ ಫಜೀತಿ, ಹಳೆ ಬಿಲ್ಲುಗಳಲ್ಲೂ ಕೊನೆಗೆ ಬಂದ ಕೃಷಿಕರ ಹೆಸರು.

ಅಂಗಡಿಯ ದರದ ಬೋರ್ಡ್ ಎಲ್ಲರಿಗೂ ಒಂದೇ, ಗೋಣಿಯ ತೂಕ ಅವರವರದು, ಅಲ್ವಾ? ಸ್ಟ್ಯಾಟಿಕ್ ಅಂದರೆ ಆ ಬೋರ್ಡ್, ಇಡೀ ಕ್ಲಾಸಿಗೆ (ಎಲ್ಲ ಬಿಲ್ಲುಗಳ ಅಚ್ಚು) ಒಂದೇ ಪ್ರತಿ; ಮಾಮೂಲಿ ಫೀಲ್ಡ್ ಅಂದರೆ ಗೋಣಿ, ಬಿಲ್ಲಿಗೊಂದು ಪ್ರತಿ. ನನ್ನ ಎಣಿಕೆ ಬಿಲ್ಲಿಗೊಂದರಂತೆ ಇದ್ದದ್ದರಿಂದ ಪ್ರತಿ ಸಲ ಹೊಸದಾಗಿ ಶುರುವಾಗುತ್ತಿತ್ತು. ಹಾಗಾಗಿ ‘ಕೊನೆಯನಂಬರ್’ ಒಂದನ್ನು ಮಾತ್ರ ಪ್ರೈವೇಟ್ (ಕ್ಲಾಸಿನ ಒಳಗೆ ಮಾತ್ರ ಬಳಸುವ) ಸ್ಟ್ಯಾಟಿಕ್ ಇಂಟ್ (ಪೂರ್ಣಾಂಕ) ಮಾಡಿ, ಹೆಸರು, ತೂಕ, ‘ಬಿಲ್‌ನಂಬರ್’ ಮೂರನ್ನೂ ಮಾಮೂಲಿ ಫೀಲ್ಡಾಗಿಯೇ ಬಿಡಿ. ಕನ್‌ಸ್ಟ್ರಕ್ಟರ್‌ನಲ್ಲಿ (ಪ್ರತಿ ಹೊಸ ಬಿಲ್ ಹುಟ್ಟುವಾಗ ಓಡುವ ಕೋಡ್) ಮೊದಲು ಕೊನೆಯನಂಬರ್‌ಗೆ 1 ಕೂಡಿಸಿ, ಆಮೇಲೆ ಅದನ್ನು ಬಿಲ್‌ನಂಬರ್‌ಗೆ ಹಾಕಿ. ಕ್ರಮ ತಿರುವಾದರೆ ಎಣಿಕೆ 0ಯಿಂದ ಶುರುವಾಗುತ್ತದೆ. ಪ್ರೋಗ್ರಾಂ ಮುಚ್ಚಿದರೆ ಈ ಎಣಿಕೆ ಉಳಿಯುವುದಿಲ್ಲ, ಕೊನೆಯ ನಂಬರನ್ನು ಫೈಲಿನಲ್ಲಿ ಉಳಿಸಿಟ್ಟು, ತೆರೆದ ಕೂಡಲೇ ಅಲ್ಲಿಂದ ಓದಿಸಿ.