ಲೂಪಸ್ ಇಲಿಯ ಅಂಡಾಶಯ: ನಾನು ಪರೀಕ್ಷಿಸುವ ಬಗೆ

ಲೂಪಸ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶದ ಮೇಲೆ ತಿರುಗಿಬೀಳುವ ಕಾಯಿಲೆ. ಅದು ಬಂದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು. ಅವರ ಮುಟ್ಟು ಏರುಪೇರಾದರೆ ಅದು ಕಾಯಿಲೆಯಿಂದಲೋ, ಔಷಧಿಯಿಂದಲೋ? ಲೂಪಸ್ ಜೋರಾದಾಗ ಕೊಡುವ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ಅಂಡಾಶಯಕ್ಕೆ ಪೆಟ್ಟು ಕೊಡುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾಯಿಲೆ ಒಂದೇ ಏನು ಮಾಡುತ್ತದೆ ಅಂತ ನೋಡಲು ಔಷಧಿಯನ್ನೇ ಕಾಣದ ಇಲಿ ಬೇಕು. ನಾನು ಬಳಸಿದ್ದು ಎನ್‌ಜೆಡ್‌ಬಿ/ಡಬ್ಲ್ಯೂ ಎಫ್1 ಎಂಬ ಮಿಶ್ರತಳಿಯ ಇಲಿ. ಇವಕ್ಕೆ ಲೂಪಸ್ ತಾನಾಗಿಯೇ ಬರುತ್ತದೆ, ಹೆಣ್ಣಿಗೆ ಗಂಡಿಗಿಂತ ಬೇಗ.

ಆದರೆ ಕಿಡ್ನಿ ಕೈಕೊಟ್ಟ ಯಾವ ಇಲಿಯ ಋತುಚಕ್ರವೂ ಕೆಡಬಹುದು. ವಯಸ್ಸಾದರೂ ಅಷ್ಟೇ. ಮೂತ್ರದಲ್ಲಿ ಪ್ರೋಟೀನ್ ಕಂಡರೆ ಕಿಡ್ನಿಗೆ ಪೆಟ್ಟಾಗಿದೆ ಅಂತ ಅರ್ಥ. ಹಾಗಾಗಿ ಅದು ಕಾಣುವ ಮೊದಲೊಂದು ಗುಂಪು, ಆಮೇಲೊಂದು ಗುಂಪು, ಜೊತೆಗೆ ಅದೇ ವಯಸ್ಸಿನ ಆರೋಗ್ಯವಂತ ಇಲಿಗಳು. ಮೊದಲ ಗುಂಪೇ ನನಗೆ ಮುಖ್ಯ.

ಇಲಿಯ ಚಕ್ರ 4-5 ದಿನದ್ದು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಒಂದು ಹನಿ ಸಲೈನ್‌ನಿಂದ ಯೋನಿಯ ಸ್ಮಿಯರ್, ಅಂದರೆ ಚಕ್ರದ ಹಂತ ತಿಳಿಯಲು ಕೋಶಗಳ ಮಾದರಿ, ತೆಗೆಯುತ್ತಿದ್ದೆ. ಹನಿ ಹಾಕುವ ಪಿಪೆಟ್ ಒಳಗೆ ಹೋಗಬಾರದು, ಯೋನಿಯ ಬಾಯಿಗೆ ತಾಗಿದರೆ ಸಾಕು. ಜಾಸ್ತಿ ಕೆದಕಿದರೆ ಇಲಿ ಬಸುರಿಯ ಹಾಗೆ ವರ್ತಿಸಿ ಚಕ್ರವೇ ನಿಲ್ಲುತ್ತದೆ. ಅಂಡಾಶಯ ತೆಗೆಯುವುದು ಎಲ್ಲ ಇಲಿಗಳಲ್ಲೂ ಚಕ್ರದ ಒಂದೇ ಹಂತದಲ್ಲಿ. ಇಲ್ಲದಿದ್ದರೆ ಹಾರ್ಮೋನ್ ಅಂಕಿಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಫಾಲಿಕಲ್, ಅಂದರೆ ಒಂದೊಂದು ಅಂಡಾಣುವನ್ನು ಸುತ್ತಿಕೊಂಡ ಕೋಶಗಳ ಚೀಲ, ಎಣಿಸುವುದು ಬೇಸರದ ಕೆಲಸ. ಅಂಡಾಶಯವನ್ನು 5 ಮೈಕ್ರಾನ್ ದಪ್ಪದ ಸರಣಿ ಸೆಕ್ಷನ್‌ಗಳಾಗಿ ಸೀಳಿ, ಅದರಲ್ಲಿ ಪ್ರತಿ ಐದನೆಯದನ್ನು ನೋಡುವುದು. ಅಂಡಾಣುವಿನ ನ್ಯೂಕ್ಲಿಯಸ್ ಕಂಡರೆ ಮಾತ್ರ ಲೆಕ್ಕಕ್ಕೆ, ಇಲ್ಲದಿದ್ದರೆ ದೊಡ್ಡ ಫಾಲಿಕಲ್ ಒಂದೇ ಮತ್ತೆ ಮತ್ತೆ ಎಣಿಕೆಗೆ ಬರುತ್ತದೆ. ಸುತ್ತಲಿನ ಕೋಶ ಚಪ್ಪಟೆ ಇದ್ದರೆ ಫಾಲಿಕಲ್ ಇನ್ನೂ ಬೆಳೆಯಲು ಶುರು ಮಾಡಿಲ್ಲ, ಚೌಕ ಇದ್ದರೆ ಶುರು ಮಾಡಿದೆ. ಕೆಲವು ಚಪ್ಪಟೆ, ಕೆಲವು ಚೌಕ ಇದ್ದರೆ ಯಾವ ಬಗೆಗೆ ಸೇರಿಸುವುದು? ನಿಯಮವನ್ನು ಮೊದಲೇ ಬರೆದಿಟ್ಟೆ. ಸ್ಲೈಡ್ ಮೇಲೆ ಬರೀ ಕೋಡ್, ಯಾವ ಗುಂಪಿನ ಇಲಿಯದು ಅಂತ ಎಣಿಸುವವರಿಗೆ ತಿಳಿಯಬಾರದು.

ನಿಜವಾಗಿ ತಲೆ ಕೆಡಿಸುವುದು ಬಣ್ಣ ಹಾಕುವಾಗ. ನೋಡಬೇಕಾದ ಪ್ರೋಟೀನ್‌ಗೆ ಅಂಟುವ ಆಂಟಿಬಾಡಿ (ಪ್ರೈಮರಿ) ಮೊದಲು, ಅದಕ್ಕೆ ಅಂಟಿ ಹೊಳೆಯುವ ಇನ್ನೊಂದು ಆಂಟಿಬಾಡಿ (ಸೆಕೆಂಡರಿ) ಆಮೇಲೆ. ಲೂಪಸ್ ಇಲಿಯ ಅಂಗಾಂಶದಲ್ಲಿ ಅದರದೇ ಐಜಿಜಿ, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಆಂಟಿಬಾಡಿ, ತುಂಬಿರುತ್ತದೆ. ಇಲಿಯಲ್ಲಿ ತಯಾರಿಸಿದ ಪ್ರೈಮರಿ ಹಾಕಿದರೆ ಸೆಕೆಂಡರಿಗೆ ಎರಡರ ವ್ಯತ್ಯಾಸ ತಿಳಿಯದೆ ಎಲ್ಲ ಕಡೆ ಅಂಟಿ ಸ್ಲೈಡ್ ಪೂರ್ತಿ ಹೊಳೆಯುತ್ತದೆ. ನೋಡಲು ಚಂದ, ಅರ್ಥ ಮಾತ್ರ ಸೊನ್ನೆ! ಹಾಗಾಗಿ ಮೊಲದಲ್ಲಿ ತಯಾರಿಸಿದ ಪ್ರೈಮರಿ ತೆಗೆದುಕೊಂಡೆ, ಸೆಕೆಂಡರಿಯೂ ಇಲಿಯ ಐಜಿಜಿಗೆ ಅಂಟದಂಥದ್ದು. ಹೋಲಿಸಲು ಪ್ರೈಮರಿ ಹಾಕದ ಸ್ಲೈಡ್ ಒಂದು ಪಕ್ಕದಲ್ಲಿ ಇದ್ದೇ ಇರಬೇಕು.

ಕಾಯಿಲೆ ಅಂಡಾಶಯವನ್ನು ಮುಟ್ಟಿದೆಯೇ ಅನ್ನುವುದಕ್ಕೆ ಆ ಐಜಿಜಿಯೇ ನಮಗೆ ಬೇಕಾದ ಸುಳಿವೂ ಆಗಬಹುದು, ಅಲ್ವಾ? ಅದು ಅಂಡಾಶಯದಲ್ಲಿ ಕೂತದ್ದೋ, ರಕ್ತದಲ್ಲಿ ಹರಿಯುತ್ತಿದ್ದದ್ದೋ ಗೊತ್ತಾಗಬೇಕಾದರೆ ಮೊದಲು ಹೃದಯದ ಮೂಲಕ ಸಲೈನ್ ಹರಿಸಿ ರಕ್ತ ತೊಳೆಯಬೇಕು. ಈಗ ಪ್ರತಿ ಬ್ಯಾಚ್‌ಗೂ ಅದನ್ನೇ ಮಾಡುತ್ತೇನೆ. ಹಾರ್ಮೋನ್‌ಗೆ ಬೇಕಾದ ರಕ್ತವನ್ನು ಅದಕ್ಕೂ ಮುಂಚೆ ತೆಗೆದಿಡುತ್ತೇನೆ.