ವಿಂಡೋಸ್ 98ಕ್ಕೆ ಸ್ಟಾರ್ಟ್‌ಅಪ್ ಫ್ಲಾಪಿ ಮಾಡುವುದು

ಹಾರ್ಡ್ ಡಿಸ್ಕ್‌ನಿಂದ ವಿಂಡೋಸ್ ಶುರುವಾಗದಿದ್ದಾಗ ಯಂತ್ರವನ್ನು ಆರಂಭಿಸಲು ಬೇಕಾದ ಫ್ಲಾಪಿ ಇದು. 1.44 ಎಂಬಿ ಫ್ಲಾಪಿಯೊಂದು ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕಂಟ್ರೋಲ್ ಪ್ಯಾನೆಲ್‌ನ ಆ್ಯಡ್/ರಿಮೂವ್ ಪ್ರೋಗ್ರಾಮ್ಸ್ ತೆರೆದು, ಸ್ಟಾರ್ಟ್‌ಅಪ್ ಡಿಸ್ಕ್ ಟ್ಯಾಬ್‌ನಲ್ಲಿ ಕ್ರಿಯೇಟ್ ಡಿಸ್ಕ್ ಒತ್ತಿ. ವಿಂಡೋಸ್ ಸಿಡಿ ಕೇಳಿದರೆ ಹಾಕಿ. ಮುಗಿದ ಮೇಲೆ ಫ್ಲಾಪಿಯ ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆದಿಡಿ. ಆಗ ವೈರಸ್ ಇರುವ ಯಂತ್ರವೂ ಇದರ ಮೇಲೆ ಬರೆಯಲಾರದು.

ಕೆಟ್ಟ ಯಂತ್ರದ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಯಂತ್ರದೊಳಗಿನ ಮೂಲ ತಂತ್ರಾಂಶ) ಫ್ಲಾಪಿಯನ್ನೇ ಮೊದಲ ಬೂಟ್ (ಆರಂಭದ) ಸಾಧನವಾಗಿಸಿ. ಮೆನು ಬಂದಾಗ ಸಿಡಿ-ರಾಮ್ ಬೆಂಬಲವಿರುವ ಆಯ್ಕೆಯೇ ವಾಸಿ. ಇಲ್ಲೇ ಹಲವರು ಎಡವುವುದು: ಡಿಸ್ಕ್ ತಾನೇ 2 ಎಂಬಿಯ ರ‍್ಯಾಮ್ ಡ್ರೈವ್ (ಮೆಮೊರಿಯಲ್ಲಿರುವ ತಾತ್ಕಾಲಿಕ ಡ್ರೈವ್) ಸೃಷ್ಟಿಸುವುದರಿಂದ ಸಿಡಿ ಡ್ರೈವ್‌ನ ಅಕ್ಷರ ಒಂದು ಮುಂದೆ ಜರುಗುತ್ತದೆ. ಡಿ: ಇದ್ದದ್ದು ಇ: ಆಗುತ್ತದೆ. ಡಿಸ್ಕ್‌ನ ದೋಷ ಹುಡುಕುವ ಸ್ಕ್ಯಾನ್‌ಡಿಸ್ಕ್, ಡಿಸ್ಕ್ ಅಳಿಸಿ ಹೊಸದಾಗಿ ಸಿದ್ಧಪಡಿಸುವ ಫಾರ್ಮ್ಯಾಟ್ ಆ ರ‍್ಯಾಮ್ ಡ್ರೈವ್‌ನಲ್ಲೇ ಸಿಗುತ್ತವೆ. ವಿಂಡೋಸ್ ಎನ್‌ಟಿಯ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಇರುವ ಹಾರ್ಡ್ ಡಿಸ್ಕ್ ವಿಭಾಗ ಮಾತ್ರ ಫ್ಲಾಪಿಯಿಂದ ಓಡುವ ಈ ಡಾಸ್‌ಗೆ (ಆದೇಶ ಟೈಪಿಸಿ ನಡೆಸುವ ಹಳೆಯ ಕಾರ್ಯಾಚರಣಾ ವ್ಯವಸ್ಥೆ) ಕಾಣದು. ಹಾರ್ಡ್ ಡಿಸ್ಕ್ ಸತ್ತಿದೆಯೆಂದು ಗಾಬರಿಯಾಗಬೇಡಿ.