ವಿನೈಲ್ ನೆಲದ ಕೆಳಗೆ ಏನು ಹಾಸಬೇಕು? ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ನಾನು ಮಾಡಿದ್ದು

ವಿನೈಲ್ ಟೈಲ್ ಹಾಕಬೇಕು ಅಂದ ಕೂಡಲೇ ಎಲ್ಲರೂ ಬಣ್ಣ ನೋಡೋಕೆ ಶುರು ಮಾಡುತ್ತಾರೆ. ತೇಗದ ಬಣ್ಣವೋ, ಬೂದು ಬಣ್ಣವೋ ಅಂತ. ಅಡಿಯಲ್ಲಿ ಹಾಸುವ ಶೀಟಿನ ಮಾತು ಬರುವುದು ಬಿಲ್ ಹಾಕುವ ಹೊತ್ತಿಗೆ. ನಮ್ಮ ಕಡೆಯ ಮಳೆ, ಶೀತ ನೋಡಿದರೆ ಅಡಿಹಾಸನ್ನೇ ಮೊದಲು ತೀರ್ಮಾನ ಮಾಡಬೇಕು. ಅದನ್ನೂ ಅಂಗಡಿಯಲ್ಲಿ ನಿಂತಲ್ಲ, ಮನೆಯ ನೆಲ ನೋಡಿ.

ನಮ್ಮದು ಚಿಕ್ಕಮಗಳೂರಿನ ಹಳೇ ಹೆಂಚಿನ ಮನೆ. ನೆಲ ರೆಡ್ ಆಕ್ಸೈಡ್. ನಡುಮನೆಯಲ್ಲಿ ಅದು ಇನ್ನೂ ಕನ್ನಡಿ ಹಾಗೆ ಹೊಳೆಯುತ್ತದೆ, ಅದನ್ನು ನಾನು ಮುಟ್ಟಲಿಲ್ಲ. ಅಂಥ ನೆಲ ಮುಚ್ಚೋಕೆ ಮನಸ್ಸೇ ಬರಲ್ಲ. ಅಮ್ಮ ಮಲಗುವ ಕೋಣೆಯಲ್ಲಿ ಮಾತ್ರ ಬಿರುಕು ಬಿಟ್ಟು, ಮೇಲಿನ ಪದರ ಅಲ್ಲಲ್ಲಿ ಎದ್ದಿತ್ತು. 10 ಅಡಿಗೆ 12 ಅಡಿ ಕೋಣೆ. ಜುಲೈ ಬಂತೆಂದರೆ ‘ಕಾಲು ಕೊರೆಯುತ್ತೆ ಕಣೋ’ ಅಂತ ಅಮ್ಮ ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು.

ಮೊದಲು ನೋಡಿದ್ದು ತೇವ. ಹಳೇ ಮನೆಗಳಲ್ಲಿ ನೆಲದ ಗಾರೆಯ ಕೆಳಗೆ ಮಣ್ಣಿನ ತೇವ ತಡೆಯುವ ಪದರ ಇರುವುದೇ ಅಪರೂಪ. ಪರೀಕ್ಷೆ ಸುಲಭ. ಒಂದೂವರೆ ಅಡಿ ಚದರದ ದಪ್ಪ ಪಾಲಿಥೀನ್ ತುಂಡನ್ನು ನೆಲಕ್ಕೆ ಹರಡಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಬೇಕು. ಕನಿಷ್ಠ 16 ಗಂಟೆ ಬಿಡಬೇಕು, ನಾನು ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಇದನ್ನು ಮಾರ್ಚ್‌ನಲ್ಲಿ ಮಾಡಿದರೆ ನೆಲ ಒಣಗಿದೆ ಅಂತಲೇ ತೋರಿಸುತ್ತದೆ. ಆ ಮಾತು ನಂಬಬಾರದು. ಪರೀಕ್ಷೆ ಮಳೆಗಾಲದಲ್ಲಿ ಮಾಡಿ, ಕೆಲಸ ಮಳೆ ಮುಗಿದ ಮೇಲೆ ಇಟ್ಟುಕೊಳ್ಳಿ.

ಕೋಣೆಯ ಮಧ್ಯೆ ಹಾಕಿದ್ದ ತುಂಡು ಎತ್ತಿದಾಗ ಕೆಳಗಿನ ಕೆಂಪು ಸ್ವಲ್ಪ ಗಾಢವಾಗಿತ್ತು, ಅಷ್ಟೇ. ಹಿತ್ತಲ ಕಡೆ ಗೋಡೆ ಪಕ್ಕದ ತುಂಡಿನ ಒಳಮೈಗೆ ಸಾಸಿವೆ ಕಾಳಿನಷ್ಟು ಹನಿಗಳು ಸಾಲಾಗಿ ಹತ್ತಿದ್ದವು. ಬೆರಳಲ್ಲಿ ಎಳೆದರೆ ನೀರಿನ ಗೆರೆ. ಹೊರಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಸೂರಿನ ನೀರು ನೇರ ಗೋಡೆ ಬುಡಕ್ಕೆ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಸೂರಿಗೆ ದೋಣಿ ಹಾಕಿಸಿ, ಗೋಡೆ ಬುಡದ ಮಣ್ಣು ಎತ್ತರಿಸಿ, ನೀರು ಚರಂಡಿಗೆ ಹೋಗೋ ಹಾಗೆ ಮಾಡಿದೆ. ಆಮೇಲೆ ಅದೇ ಜಾಗದಲ್ಲಿ ಮತ್ತೆ ಪಾಲಿಥೀನ್ ಅಂಟಿಸಿ ನೋಡಿದಾಗ ಹನಿ ಇರಲಿಲ್ಲ, ಬರೀ ಮಸುಕು ಇತ್ತು. ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಯಾವ ಶೀಟೂ ನೀರನ್ನು ಮಾಯ ಮಾಡಲ್ಲ. ಹೊರಗಿನ ನೀರು ತಡೆಯದೆ ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ತೇವ ಗೋಡೆ ಕಡೆಗೆ ಸರಿದು, ಕೆಳಗಿನ ಪ್ಲಾಸ್ಟರ್ ಉದುರಿಸುತ್ತದೆ.

ತೇವ ನೋಡಿದ ಮೇಲೆ ಗಮ್ ಹಾಕಿ ಅಂಟಿಸುವ ವಿನೈಲ್ ಬೇಡ ಅಂತ ಆಯಿತು. ಅದಕ್ಕೆ ಕೆಳಗೆ ಫೋಮ್ ಹಾಕುವ ಹಾಗೇ ಇಲ್ಲ, ನೇರ ನೆಲಕ್ಕೆ ಹಿಡಿಯಬೇಕು. ತೇವಕ್ಕೆ ಗಮ್ ಸಡಿಲವಾದರೆ ಅಂಚುಗಳು ಏಳುತ್ತವೆ. ಹಾಗಾಗಿ ಒಂದಕ್ಕೊಂದು ಲಾಕ್ ಆಗಿ ಕೂರುವ 4 ಮಿ.ಮೀ.ನ ಎಸ್‌ಪಿಸಿ ಹಲಗೆ ಆರಿಸಿದೆ. ಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ್ದು. ನೆಲಕ್ಕೆ ಅಂಟಲ್ಲ, ಮೇಲೆ ಸುಮ್ನೆ ಕೂತಿರುತ್ತದೆ.

ಈಗ ಅಡಿಹಾಸು. ಅಂಗಡಿಯವರು ಬಿಳಿ ಫೋಮ್ ರೋಲ್ ತೋರಿಸಿ, ‘3 ಎಂಎಂ ಹಾಕ್ಸಿ ಸಾರ್, ಮೆತ್ತಗಿರತ್ತೆ, ಅಮ್ಮಂಗೂ ಬೆಚ್ಚಗಿರತ್ತೆ’ ಅಂದರು. ಹೆಬ್ಬೆರಳಲ್ಲಿ ಒತ್ತಿದೆ. ಬೆರಳು ಹೆಚ್ಚುಕಮ್ಮಿ ತಳ ಮುಟ್ಟಿತು. ಅದು ಲ್ಯಾಮಿನೇಟ್ ಮರದ ನೆಲಕ್ಕೆ ಹಾಕುವ ಫೋಮ್. ವಿನೈಲ್ ಹಲಗೆಯ ಲಾಕ್ ತೀರಾ ತೆಳು. ಕಾಲಿಟ್ಟಾಗಲೆಲ್ಲ ಕೆಳಗಿನ ಫೋಮ್ ಕುಸಿದರೆ ಆ ಲಾಕಿನ ನಾಲಿಗೆ ಬಾಗಿ ಬಾಗಿ ಕೊನೆಗೆ ಮುರಿಯುತ್ತದೆ, ಹಲಗೆಗಳ ನಡುವೆ ಸಂದು ಬೀಳುತ್ತದೆ. ಅಮ್ಮನ ಕೋಣೆಯಲ್ಲಿ ಬೀರು ಬೇರೆ ಇದೆ, ಅದರ ಪೂರ್ತಿ ಭಾರ ನಾಲ್ಕು ಸಣ್ಣ ಕಾಲುಗಳ ಮೇಲೆ. ಇನ್ನು ಬೆಚ್ಚಗಿರುವುದಕ್ಕೆ ದಪ್ಪ ಫೋಮ್ ಬೇಕಾಗಿಲ್ಲ. ಗಾರೆಯಷ್ಟು ಬೇಗ ವಿನೈಲ್ ಕಾಲಿನ ಶಾಖ ಎಳೆದುಕೊಳ್ಳಲ್ಲ.

ಕಾರ್ಕ್ ಶೀಟೂ ಸಿಗುತ್ತದೆ, ಒಳ್ಳೆಯ ವಸ್ತು. ಆದರೆ ತೇವ ಏರುವ ನೆಲದ ಮೇಲೆ ಅದಕ್ಕೆ ಬೂಷ್ಟು ಹಿಡಿಯುವ ಭಯ, ಬಿಟ್ಟೆ. ರಬ್ಬರ್ ಶೀಟ್ ಬೇಡವೇ ಬೇಡ. ರಬ್ಬರ್ ತಾಗಿಕೊಂಡೇ ಇದ್ದರೆ ವಿನೈಲ್ ಹಳದಿಯಾಗುತ್ತದೆ. ಮೇಲೆ ಹಾಕುವ ಕಾಲೊರೆಸಿಗೂ ಈ ಮಾತು ಅನ್ವಯಿಸುತ್ತದೆ, ತಳದಲ್ಲಿ ರಬ್ಬರ್ ಇಲ್ಲದ್ದನ್ನೇ ತಗೊಳ್ಳಿ.

ಕೊನೆಗೆ ನಾನು ತಂದಿದ್ದು 1.5 ಮಿ.ಮೀ.ನ ಐಎಕ್ಸ್‌ಪಿಇ ಶೀಟ್. ಇದೂ ಫೋಮೇ, ಆದರೆ ಒತ್ತಾದ ಫೋಮ್. ಉಗುರು ಒತ್ತಿದರೆ ಸಣ್ಣ ಗುರುತು ಬಿದ್ದು ಹಾಗೇ ವಾಪಸ್ ಏಳುತ್ತದೆ. ಅದರ ಕೆಳಗೆ 200 ಮೈಕ್ರಾನ್ ಪಾಲಿಥೀನ್. ಕೆಲವು ಹಲಗೆಗಳಿಗೆ ಕಾರ್ಖಾನೆಯಲ್ಲೇ ಬೆನ್ನಿಗೆ ಪ್ಯಾಡ್ ಅಂಟಿಸಿರುತ್ತಾರೆ. ನೀವು ತಗೊಂಡಿದ್ದು ಅಂಥದ್ದಾದರೆ ಮತ್ತೊಂದು ಫೋಮ್ ಖಂಡಿತ ಬೇಡ, ಪಾಲಿಥೀನ್ ಸಾಕು. ಎರಡು ಫೋಮ್ ಸೇರಿದರೆ ಮತ್ತೆ ಅದೇ ಕುಸಿತ, ಅಲ್ವಾ? ಏನೇ ಇದ್ದರೂ ಹಲಗೆಯ ಡಬ್ಬಿಯಲ್ಲಿ ಬರುವ ಚೀಟಿ ಓದಿ. ಅದರಲ್ಲಿ ಹೇಳದ ಅಡಿಹಾಸು ಹಾಕಿದರೆ ವಾರಂಟಿಗೂ ತೊಂದರೆ.

ಹಾಸುವ ಮೊದಲು ನೆಲ ಸಪಾಟು ಮಾಡಿದ್ದೇ ದೊಡ್ಡ ಕೆಲಸ. ತಗ್ಗು ಮುಚ್ಚೋದು ಫೋಮಿನ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ತಗ್ಗಿನ ಮೇಲೆ ಹಲಗೆ ತೇಲುತ್ತದೆ, ನಡೆದಾಗ ಟೊಳ್ಳು ಸದ್ದು ಬರುತ್ತದೆ. 10 ಅಡಿ ಉದ್ದಕ್ಕೆ 5 ಮಿ.ಮೀ. ಒಳಗೆ ಏರುಪೇರು ಇದ್ದರೆ ಸಾಕು. ಗಾರೆಯವರು ಬಳಸುವ ಉದ್ದನೆಯ ಅಲ್ಯುಮಿನಿಯಂ ಪಟ್ಟಿ ನೆಲಕ್ಕಿಟ್ಟು, ಕೆಳಗೆ ಟಾರ್ಚ್ ಬಿಟ್ಟೆ. ಬೆಳಕು ನುಸುಳಿದ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಗುರುತು. ನೀರು ಹಾಕಿ ತೊಳೆಯೋಕೆ ಅಂತ ಹಳೇ ನೆಲಕ್ಕೆ ಬಾಗಿಲ ಕಡೆ ಇಳಿಜಾರು ಇರುತ್ತದೆ. ಇಳಿಜಾರು ಇದ್ದರೆ ತೊಂದರೆ ಇಲ್ಲ, ಉಬ್ಬುತಗ್ಗು ಇರಬಾರದು.

ಉಬ್ಬುಗಳನ್ನು ಗ್ರೈಂಡರ್‌ನಲ್ಲಿ ತೀಡಿದೆ. ಎದ್ದಿದ್ದ ಪದರ ಕೆರೆದು ತೆಗೆದೆ. ರೆಡ್ ಆಕ್ಸೈಡ್ ನುಣುಪು, ಮೇಲೆ ವರ್ಷಗಟ್ಟಲೆ ಎಣ್ಣೆ, ಮೇಣ ಕುಡಿದಿರುತ್ತದೆ. ಒರಟು ಮಾಡಿ ಪ್ರೈಮರ್ ಹೊಡೆಯದಿದ್ದರೆ ಮೇಲೆ ಹಾಕಿದ್ದು ಹಿಡಿಯಲ್ಲ. ತಗ್ಗುಗಳಿಗೆ ತುಂಬಿದ್ದು ಸಿಮೆಂಟ್ ಮೂಲದ ಲೆವೆಲಿಂಗ್ ಪುಡಿ. ವಾಲ್ ಪುಟ್ಟಿ, ಪಿಒಪಿ ಅಗ್ಗ ಅಂತ ಕೆಲವರು ತುಂಬುತ್ತಾರೆ. ಭಾರಕ್ಕೆ, ತೇವಕ್ಕೆ ಅವು ಪುಡಿಯಾಗುತ್ತವೆ.

ಪೂರ್ತಿ ಒಣಗಿದ ಮೇಲೆ ಪಾಲಿಥೀನ್ ಹಾಸಿದೆ. ಒಂದರ ಮೇಲೊಂದು 8 ಇಂಚು ಬರೋ ಹಾಗೆ, ಅಂಚಿಗೆ ಟೇಪ್, ಗೋಡೆ ಬುಡದಲ್ಲಿ ಎರಡಿಂಚು ಮೇಲಕ್ಕೆ ಮಡಿಸಿ. ಅದರ ಮೇಲೆ ಫೋಮ್ ಶೀಟ್. ಇದನ್ನು ಮಾತ್ರ ಒಂದರ ಮೇಲೊಂದು ಹತ್ತಿಸಬಾರದು, ಅಂಚಿಗೆ ಅಂಚು ಕೂಡಿಸಿ ಟೇಪ್ ಹಾಕಬೇಕು. ಹತ್ತಿಸಿದರೆ ಅಲ್ಲೊಂದು ಉಬ್ಬು. ಹಲಗೆಗಳನ್ನು ಎರಡು ದಿನ ಮೊದಲೇ ಅದೇ ಕೋಣೆಯಲ್ಲಿ ಮಲಗಿಸಿ ಇಟ್ಟಿದ್ದೆ. ಸುತ್ತ ಗೋಡೆಗೆ 8 ಮಿ.ಮೀ. ಜಾಗ ಬಿಟ್ಟು ಜೋಡಿಸಿದ ಮೇಲೆ, ಮೇಲೆ ಮಡಿಸಿದ್ದ ಪಾಲಿಥೀನ್ ಕತ್ತರಿಸಿ ಸ್ಕರ್ಟಿಂಗ್ ಹೊಡೆದೆ. ಮೊಳೆ ಗೋಡೆಗೆ ಮಾತ್ರ. ನೆಲಕ್ಕೆ ಹೊಡೆದರೆ ಹಲಗೆ ಹಿಗ್ಗೋಕೆ, ಕುಗ್ಗೋಕೆ ಆಗಲ್ಲ.

ಇನ್ನೊಂದು ವಿಷಯ ಬಾಗಿಲು. ಹಲಗೆ, ಫೋಮ್, ಪಾಲಿಥೀನ್ ಸೇರಿದರೆ 6 ಮಿ.ಮೀ. ಹತ್ತಿರ ನೆಲ ಏರುತ್ತದೆ. ಬಾಗಿಲ ಕೆಳಗಿನ ಸಂದಿಯನ್ನು ಶೀಟ್ ಕೊಳ್ಳುವ ಮೊದಲೇ ಅಳೆದುಕೊಳ್ಳಿ. ಹಳೇ ಹಲಸಿನ ಬಾಗಿಲಿನ ಬುಡ ಕೊಯ್ಯೋದು ಸುಲಭದ ಕೆಲಸ ಅಲ್ಲ, ಮರಗೆಲಸದ ಆಚಾರರಿಗೆ ಮುಂಚೆಯೇ ಹೇಳಿಟ್ಟುಕೊಂಡರೆ ಒಳ್ಳೇದು.